ಎಸ್‌ಎಸ್‌ಡಿ ಎಷ್ಟು ಸವೆದಿದೆ, ಇನ್ನೆಷ್ಟು ಬಾಳುತ್ತದೆ: ಮಲೆನಾಡಿನವರಿಗೊಂದು ದೋಷ ನಿವಾರಣೆ ಕೈಪಿಡಿ

"ಹೆಲ್ತ್ ತೊಂಬತ್ತಾರು ಪರ್ಸೆಂಟ್ ತೋರಿಸ್ತಿತ್ತು ಮಾರಾಯ್ರೆ. ರಾತ್ರಿ ಕರೆಂಟ್ ಹೋಗಿ ಬಂತು, ಬೆಳಿಗ್ಗೆ ನೋಡಿದ್ರೆ ಡಿಸ್ಕೇ ಇಲ್ಲ." ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ರಿಪೇರಿಗೆ ಬರುವ ಕಂಪ್ಯೂಟರುಗಳ ಜೊತೆಗೆ ಈ ಮಾತೂ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಆ 96 ಕೂಡ ಸುಳ್ಳಲ್ಲ. ಅದು ಹೇಳುವುದು ಸವೆತದ ಲೆಕ್ಕವನ್ನು ಮಾತ್ರ. ಡಿಸ್ಕ್ ನಾಳೆ ಬೆಳಿಗ್ಗೆ ಎದ್ದೇಳುತ್ತದೋ ಇಲ್ಲವೋ ಎನ್ನುವುದು ಬೇರೆಯೇ ವಿಷಯ.

ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನಂತೆ ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಡಿಸ್ಕ್, ಸವೆಯುವುದು ನಿಜ. ಅದರ ಫ್ಲ್ಯಾಶ್ ಚಿಪ್‌ನಲ್ಲಿ ಪ್ರತಿ ಸಲ ಬರೆದು ಅಳಿಸಿದಾಗಲೂ ಕೋಶದ ತೆಳು ನಿರೋಧಕ ಪದರ ಚೂರುಚೂರೇ ಹಾಳಾಗುತ್ತದೆ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಟಿಎಲ್‌ಸಿ ಚಿಪ್ ಸುಮಾರು 1000ದಿಂದ 3000 ಸಲ ಬರೆದು ಅಳಿಸುವುದನ್ನು ತಡೆಯುತ್ತದೆ. ನಾಲ್ಕು ಬಿಟ್ ಇಡುವ ಕ್ಯೂಎಲ್‌ಸಿ ಅದಕ್ಕಿಂತ ಕಡಿಮೆ. ಆದರೆ ನಮ್ಮ ಕಡೆಯ ಮನೆ, ಅಂಗಡಿ, ಅಡಿಕೆ ಮಂಡಿ, ಸಹಕಾರ ಸಂಘಗಳಲ್ಲಿರುವ ಡಿಸ್ಕುಗಳು ಪೂರ್ತಿ ಸವೆದು ಸಾಯುವುದು ಅಪರೂಪ. ಅದಕ್ಕೆ ಬಹಳ ಮುಂಚೆಯೇ ಕರೆಂಟಿನ ಕಾಟ, ತೇವ ಹಿಡಿದ ಕನೆಕ್ಟರ್, ಬಿಸಿ, ಫರ್ಮ್‌ವೇರ್ (ಡಿಸ್ಕಿನೊಳಗೇ ಇರುವ ತಂತ್ರಾಂಶ) ದೋಷ ಇವುಗಳಲ್ಲಿ ಯಾವುದಾದರೊಂದು ಅವನ್ನು ಕೆಡಿಸುತ್ತದೆ. ಹಾಗಾಗಿ ಸವೆತ ನೋಡುವ ಕ್ರಮದ ಜೊತೆಗೆ, ಸವೆತದಂತೆ ಕಂಡರೂ ಸವೆತವಲ್ಲದ ತೊಂದರೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಯಾವುದಕ್ಕೂ ಕೈ ಹಾಕುವ ಮೊದಲು

ಡಿಸ್ಕ್ ಈಗ ಓದುತ್ತಿದೆ ಎಂದಾದರೆ ಪರೀಕ್ಷೆ ಆಮೇಲೆ, ಬ್ಯಾಕಪ್ ಮೊದಲು. ಪೂರ್ತಿ ಡಿಸ್ಕನ್ನೇ ಕಾಪಿ ಮಾಡಲು ಕೂರಬೇಡಿ. ಮತ್ತೆ ಸಿಗದಂಥವನ್ನು ಮೊದಲು ತೆಗೆಯಿರಿ: ಟ್ಯಾಲಿ ಡೇಟಾ, ಜಮೀನಿನ ಕಾಗದಪತ್ರದ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ, ಫೋಟೊ. ಸಿನಿಮಾ, ಸಾಫ್ಟ್‌ವೇರ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು.

ವಿಂಡೋಸ್ 11 ಇರುವ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡೇಟಾಕ್ಕೆ ಹಾಕುವ ಬೀಗ) ತಾನಾಗಿಯೇ ಆನ್ ಆಗಿರುತ್ತದೆ, ಯಜಮಾನರಿಗೆ ಗೊತ್ತೇ ಇರುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗಲೇ ಅದನ್ನು ನೋಡಿ ಪುಸ್ತಕದಲ್ಲಿ ಬರೆದಿಡಿ. ಕೀ ಇಲ್ಲದೆ ಎಂಥಾ ಪರಿಣತರೂ ಆ ಡೇಟಾ ತೆಗೆದುಕೊಡಲಾರರು.

ಗುಡುಗು ಸಿಡಿಲಿನ ಹೊತ್ತಿನಲ್ಲಿ ಈ ಕೆಲಸ ಬೇಡ. ಬ್ಯಾಕಪ್ ಅರ್ಧಕ್ಕೆ ಬಂದಿದ್ದರೂ ಸರಿ, ಸರಿಯಾಗಿ ಶಟ್‌ಡೌನ್ ಮಾಡಿ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಹಳೆಯ ತಾಮ್ರದ ಫೋನ್ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದರೆ ಅದನ್ನೂ ಬಿಡಿಸಿ. ಬಾಕ್ಸ್ ತೆರೆಯುವವರು ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು, ನಂತರ ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಂಡು ಕೈ ಹಾಕಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯಿರಿ.

ಲಕ್ಷಣ: ತೊಂದರೆ ಏನಿಲ್ಲ, ಆದರೆ ಹಾಕಿಸಿ ನಾಲ್ಕೈದು ವರ್ಷ ಆಯಿತು

ಇದು ಲಕ್ಷಣವೇ ಅಲ್ಲ ಅನ್ನಿಸಬಹುದು. ಆದರೂ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ.

ವಿಂಡೋಸ್ 11 ಮತ್ತು ಎನ್‌ವಿಎಂಇ ಡಿಸ್ಕ್ (ಸಾಮಾನ್ಯವಾಗಿ ಕೇಬಲ್ ಇಲ್ಲದೆ ಮದರ್‌ಬೋರ್ಡಿಗೇ ಸಿಕ್ಕಿಸುವ ವೇಗದ ಬಗೆ) ಇದ್ದರೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟ್ಟಿಂಗ್ಸ್, ಡಿಸ್ಕ್ಸ್ ಅಂಡ್ ವಾಲ್ಯೂಮ್ಸ್ ಹೀಗೆ ಹೋಗಿ ಡಿಸ್ಕಿನ ಪ್ರಾಪರ್ಟೀಸ್ ತೆರೆದರೆ ಅಂದಾಜು ಉಳಿದ ಆಯಸ್ಸು, ಮೀಸಲು ಜಾಗ, ಉಷ್ಣತೆ ಮೂರೂ ಕಾಣುತ್ತವೆ. ಸಾಟಾ ಡಿಸ್ಕ್ (ಸಾಮಾನ್ಯವಾಗಿ ಕೇಬಲ್ಲಿನಿಂದ ಜೋಡಿಸುವ ಹಳೆಯ ಬಗೆ) ಆದರೆ ಅಥವಾ ವಿಂಡೋಸ್ 10 ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಲಿನಕ್ಸ್‌ನವರಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ಸ್ಯಾಮ್‌ಸಂಗ್, ಕ್ರೂಶಿಯಲ್, ಕಿಂಗ್‌ಸ್ಟನ್, ಸ್ಯಾನ್‌ಡಿಸ್ಕ್ (ಮೊದಲು ವೆಸ್ಟರ್ನ್ ಡಿಜಿಟಲ್) ಇವರೆಲ್ಲ ತಮ್ಮ ತಮ್ಮ ಡಿಸ್ಕಿಗೆ ಸ್ವಂತ ತಂತ್ರಾಂಶವನ್ನೂ ಕೊಡುತ್ತಾರೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಕೆಳಗಿನ ಪಟ್ಟಿಯ ಅಂಕಿಗಳು ಎ, ಬಿ, ಸಿ ಅಕ್ಷರ ಬೆರೆತು ಅರ್ಥವಾಗದಂತೆ ಬರುತ್ತವೆ. ಅವು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ, ಇರುವುದರಿಂದ ಹಾಗೆ. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಎಂಬಲ್ಲಿ 10 ಎಂದು ಆರಿಸಿದರೆ ಮಾಮೂಲಿ ಅಂಕಿಗಳಾಗುತ್ತವೆ. ಇದನ್ನು ಮಾಡದೆ ಓದಿ ಗಾಬರಿಯಾದವರು ಬಹಳ.

ಮೊದಲು ನೋಡಬೇಕಾದ್ದು ಪರ್ಸೆಂಟೇಜ್ ಯೂಸ್ಡ್. ಇದು ಬಳಸಿ ಮುಗಿದ ಪಾಲು. 4 ಎಂದಿದ್ದರೆ ನೂರರಲ್ಲಿ ನಾಲ್ಕು ಪಾಲು ಸವೆದಿದೆ ಎಂದರ್ಥ, ನಾಲ್ಕೇ ಉಳಿದಿದೆ ಎಂದಲ್ಲ. ಮೇಲೆ ಕಾಣುವ ಹೆಲ್ತ್ ಇದರ ತಿರುಗುಮುರುಗು, ಅಂದರೆ 96. ಈ ಅಂಕಿ ನೂರು ದಾಟಿಯೂ ಏರಬಲ್ಲದು, 255ರವರೆಗೆ ಲೆಕ್ಕ ಇಡುವ ಏರ್ಪಾಡಿದೆ. ನೂರು ಮುಟ್ಟಿದ ದಿನವೇ ಡಿಸ್ಕ್ ಸಾಯಬೇಕೆಂದಿಲ್ಲ, ತಯಾರಕರು ಹೊತ್ತುಕೊಂಡ ಹೊಣೆ ಅಲ್ಲಿಗೆ ಮುಗಿಯಿತು ಅಷ್ಟೇ.

ಎರಡನೆಯದು ಅವೈಲಬಲ್ ಸ್ಪೇರ್. ಹೆಂಚಿನ ಮನೆಯವರು ಮಳೆಗಾಲದಲ್ಲಿ ಒಡೆದದ್ದಕ್ಕೆ ಇರಲಿ ಎಂದು ಒಂದಷ್ಟು ಹೆಂಚು ಪಕ್ಕಕ್ಕೆ ಪೇರಿಸಿಟ್ಟಂತೆ ಡಿಸ್ಕಿನಲ್ಲೂ ಮೀಸಲು ಬ್ಲಾಕುಗಳು ಇರುತ್ತವೆ. ಕೆಟ್ಟ ಬ್ಲಾಕಿನ ಜಾಗಕ್ಕೆ ಇವು ಬರುತ್ತವೆ. 100 ಇದ್ದರೆ ಯೋಚನೆ ಇಲ್ಲ. ಕಡಿಮೆಯಾಗಲು ಶುರುವಾದರೆ ಹೊಸ ಡಿಸ್ಕಿಗೆ ದುಡ್ಡು ತೆಗೆದಿಡಿ. ಪಕ್ಕದಲ್ಲಿ ತೋರಿಸುವ ಮಿತಿಯ ಕೆಳಗೆ ಇಳಿದರೆ ಅದೇ ವಾರ ಬದಲಿಸಿ.

ಮೂರನೆಯದು ಒಟ್ಟು ಬರೆದದ್ದೆಷ್ಟು ಎಂಬುದು. ಎನ್‌ವಿಎಂಇಯಲ್ಲಿ ಡೇಟಾ ಯೂನಿಟ್ಸ್ ರಿಟನ್ ಎಂದಿರುತ್ತದೆ. ಒಂದು ಯೂನಿಟ್ ಅಂದರೆ 5,12,000 ಬೈಟ್, ಹಾಗಾಗಿ ಒಂದು ಕೋಟಿ ಯೂನಿಟ್‌ಗೆ 5.12 ಟಿಬಿ (ಒಂದು ಟಿಬಿ ಅಂದರೆ 1,000 ಜಿಬಿ). ಸಾಟಾ ಡಿಸ್ಕಿನಲ್ಲಿ 241ನೇ ಸಾಲು, ಅಂದರೆ ಐಡಿ 241 (ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ F1) ಇರುವ ಸಾಲು ನೋಡಿ. ಅದು 512 ಬೈಟಿನ ಸೆಕ್ಟರುಗಳಲ್ಲಿ ಇದ್ದರೆ ಸುಮಾರು 195 ಕೋಟಿಗೆ ಒಂದು ಟಿಬಿ. ಕೆಲವು ಕಂಪನಿಗಳು ಇದೇ ಸಾಲಿನಲ್ಲಿ ನೇರವಾಗಿ ಜಿಬಿಯನ್ನೇ ಬರೆಯುತ್ತವೆ, ಆದ್ದರಿಂದ ಉತ್ತರ ವಿಚಿತ್ರವಾಗಿ ಬಂದರೆ ಮೇಲೆ ತೋರಿಸುವ ಟೋಟಲ್ ಹೋಸ್ಟ್ ರೈಟ್ಸ್ ಜೊತೆ ತಾಳೆ ಹಾಕಿ.

ಈಗ ಅದನ್ನು ಡಿಸ್ಕಿನ ಟಿಬಿಡಬ್ಲ್ಯು ಜೊತೆ ಹೋಲಿಸಬೇಕು. ವಾರಂಟಿಯೊಳಗೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂದು ತಯಾರಕರು ಕೊಡುವ ಅಂಕಿ ಅದು. ಕಿಂಗ್‌ಸ್ಟನ್ ಎ400 240 ಜಿಬಿಗೆ 80 ಟಿಬಿ, ಕ್ರೂಶಿಯಲ್ ಎಂಎಕ್ಸ್500 500 ಜಿಬಿಗೆ 180 ಟಿಬಿ, ಸ್ಯಾಮ್‌ಸಂಗ್ 870 ಈವೊ 500 ಜಿಬಿಗೆ 300 ಟಿಬಿ, ಅದರದೇ 1 ಟಿಬಿಗೆ 600 ಟಿಬಿ. ನಿಮ್ಮ ಮಾಡೆಲ್ಲಿನ ಅಂಕಿ ತಯಾರಕರ ವಿವರಪಟ್ಟಿಯಲ್ಲಿ ಸಿಗುತ್ತದೆ.

ಲೆಕ್ಕ ಹೀಗೆ. ಇವತ್ತಿನ ಅಂಕಿ ಬರೆದಿಟ್ಟುಕೊಳ್ಳಿ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ. ಮಂಡಿಯ ಲೆಕ್ಕದ ಕಂಪ್ಯೂಟರ್ ದಿನಕ್ಕೆ 12 ಜಿಬಿ ಬರೆಯುತ್ತದೆ ಎಂದುಕೊಳ್ಳೋಣ. 80 ಟಿಬಿ ಡಿಸ್ಕಿಗೆ 80,000ವನ್ನು 12ರಿಂದ ಭಾಗಿಸಿದರೆ 6,666 ದಿನ, ಹದಿನೆಂಟು ವರ್ಷ. ಡಿಸ್ಕ್ ಹದಿನೆಂಟು ವರ್ಷ ಬಾಳುತ್ತದೆ ಎಂದು ಇದನ್ನು ಓದಬಾರದು. ಈ ಕೆಲಸಕ್ಕೆ ಸವೆತದ ಚಿಂತೆ ಬೇಡ ಎಂಬಷ್ಟೇ ಇದರ ತಿರುಳು. ಮದುವೆ ಫೋಟೊ ತೆಗೆಯುವವರು ಒಂದು ಮದುವೆಗೆ 200 ಜಿಬಿ ಇಳಿಸಿ, ಎಡಿಟಿಂಗಿನಲ್ಲಿ ಮತ್ತೆ ಅಷ್ಟೇ ಬರೆದರೂ 600 ಟಿಬಿ ಡಿಸ್ಕಿಗೆ 1,500 ಮದುವೆ ಸಿಗುತ್ತದೆ.

ಲೆಕ್ಕ ತಲೆಕೆಳಗಾಗುವುದು ಸಿಸಿಟಿವಿಯಲ್ಲಿ. ಅಡಿಕೆ ಒಣಗಿಸುವ ಅಂಗಳಕ್ಕೆ, ಗೋದಾಮಿಗೆ ಕ್ಯಾಮೆರಾ ಹಾಕಿಸಿದವರಲ್ಲಿ ಕೆಲವರು ಮನೆಯಲ್ಲಿದ್ದ ಸಣ್ಣ ಎಸ್‌ಎಸ್‌ಡಿಯನ್ನೇ ರೆಕಾರ್ಡಿಂಗಿಗೆ ಹಾಕುತ್ತಾರೆ. ನಾಲ್ಕು ಕ್ಯಾಮೆರಾ, ಒಂದೊಂದೂ ಸೆಕೆಂಡಿಗೆ 4 ಮೆಗಾಬಿಟ್ ಎಂದರೆ ಒಟ್ಟು 16 ಮೆಗಾಬಿಟ್, ಅಂದರೆ ಸೆಕೆಂಡಿಗೆ 2 ಎಂಬಿ. ದಿನಕ್ಕೆ 172.8 ಜಿಬಿ. ಅದೇ 80 ಟಿಬಿ ಡಿಸ್ಕಿಗೆ 463 ದಿನ, ಒಂದೂಕಾಲು ವರ್ಷ. ಹಗಲು ರಾತ್ರಿ ರೆಕಾರ್ಡ್ ಆಗುವ ಕೆಲಸಕ್ಕೆ ಸಿಸಿಟಿವಿಗೆಂದೇ ಮಾಡಿದ ಹಾರ್ಡ್ ಡಿಸ್ಕ್ ಹಾಕಿ. ಇಲ್ಲಿ ಎಸ್‌ಎಸ್‌ಡಿ ದಂಡ.

2013ರಿಂದ 2015ರವರೆಗೆ ಟೆಕ್ ರಿಪೋರ್ಟ್ ಎಂಬ ಜಾಲತಾಣದವರು ಆರು ಎಸ್‌ಎಸ್‌ಡಿಗಳಿಗೆ ಸಾಯುವವರೆಗೂ ಬರೆಯುತ್ತಲೇ ಹೋದರು. ಆರೂ 700 ಟಿಬಿ ದಾಟಿದವು, ಕೊನೆಗೆ ಉಳಿದದ್ದು 2,400 ಟಿಬಿ ದಾಟಿತು. ಎಲ್ಲವೂ 240–256 ಜಿಬಿಯವು. ಈಗಿನ ಅಗ್ಗದ ಕ್ಯೂಎಲ್‌ಸಿ ಡಿಸ್ಕಿನಿಂದ ಅಷ್ಟು ನಿರೀಕ್ಷಿಸುವುದು ಬೇಡ. ಆದರೂ ತಯಾರಕರ ಅಂಕಿ ಎಷ್ಟು ಎಚ್ಚರಿಕೆಯದು ಎಂಬುದು ಇದರಿಂದ ಗೊತ್ತಾಗುತ್ತದೆ.

ಲಕ್ಷಣ: ಮೊದಲಿನ ವೇಗ ಇಲ್ಲ

ಇದನ್ನು ಹೇಳಿಕೊಂಡು ಬರುವವರೆಲ್ಲ ಡಿಸ್ಕ್ ಸವೆಯಿತು ಎಂದೇ ತೀರ್ಮಾನಿಸಿರುತ್ತಾರೆ. ಕಾರಣ ಬೇರೆ ಇರುವುದೇ ಹೆಚ್ಚು.

ಮೊದಲು ಜಾಗ ನೋಡಿ. ಡಿಸ್ಕ್ ತುಂಬಿ ಅಂಚಿಗೆ ಬಂದಿದ್ದರೆ ನಿಧಾನವಾಗಲೇಬೇಕು. ಹೊಸದಾಗಿ ಬರೆಯಲು ಖಾಲಿ ಬ್ಲಾಕ್ ಸಿಗದೆ ಕಂಟ್ರೋಲರ್ (ಡಿಸ್ಕನ್ನು ನಡೆಸುವ ಚಿಪ್) ಒಳಗೊಳಗೇ ಹಳೆಯದನ್ನು ಎತ್ತಿಟ್ಟು ಅಳಿಸಿ ಜಾಗ ಮಾಡಬೇಕಾಗುತ್ತದೆ, ಅದರಿಂದ ಸವೆತವೂ ಹೆಚ್ಚು. ಹತ್ತರಿಂದ ಇಪ್ಪತ್ತು ಪರ್ಸೆಂಟ್ ಖಾಲಿ ಬಿಡಿ.

ದೊಡ್ಡ ಫೈಲ್ ಕಾಪಿ ಮಾಡುವಾಗ ಶುರುವಿನಲ್ಲಿ ಜೋರಾಗಿ ಓಡಿ ಆಮೇಲೆ ತೆವಳಿದರೆ ಅದು ದೋಷವಲ್ಲ. ಅಗ್ಗದ ಡಿಸ್ಕುಗಳು ಸ್ವಲ್ಪ ಭಾಗವನ್ನು ವೇಗದ ಕ್ಯಾಶ್‌ ಆಗಿ ಬಳಸುತ್ತವೆ. ಅದು ತುಂಬಿದ ಮೇಲೆ ಬಯಲಾಗುವುದೇ ಅವುಗಳ ನಿಜವಾದ ವೇಗ.

ಉಷ್ಣತೆ ನೋಡಿ. ಬಹಳಷ್ಟು ಎನ್‌ವಿಎಂಇ ಡಿಸ್ಕುಗಳಿಗೆ 70 ಡಿಗ್ರಿವರೆಗಿನ ಮಿತಿ ಹೇಳಿರುತ್ತಾರೆ. ಅದರ ಸುತ್ತಮುತ್ತ ಮುಟ್ಟಿದರೆ ಡಿಸ್ಕ್ ತನ್ನ ರಕ್ಷಣೆಗೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಳಿಗೆ ಕಂಬಳಿ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವುದನ್ನು ಬಿಟ್ಟರೆ ಅರ್ಧ ಸಮಸ್ಯೆ ಹೋಯಿತು.

ಟ್ರಿಮ್, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿ ಎಂದು ವಿಂಡೋಸ್ ಡಿಸ್ಕಿಗೆ ತಿಳಿಸುವ ಏರ್ಪಾಡು, ಆನ್ ಇದೆಯೇ ನೋಡಿ. ವಿಂಡೋಸಿನ ಡಿಫ್ರಾಗ್ಮೆಂಟ್ ಅಂಡ್ ಆಪ್ಟಿಮೈಸ್ ಡ್ರೈವ್ಸ್ ತೆರೆದರೆ ಡಿಸ್ಕಿನ ಮುಂದೆ ಸಾಲಿಡ್ ಸ್ಟೇಟ್ ಡ್ರೈವ್ ಎಂದಿರಬೇಕು. ಅಲ್ಲಿ ಆಪ್ಟಿಮೈಸ್ ಒತ್ತಿದರೆ ಎಸ್‌ಎಸ್‌ಡಿಗೆ ಬೇಕಾದ ಟ್ರಿಮ್ಮನ್ನೇ ಅದು ಮಾಡುತ್ತದೆ, ಹೆದರಬೇಡಿ. ಹೊರಗಿನ ಹಳೆಯ ಡಿಫ್ರಾಗ್ ತಂತ್ರಾಂಶ ಬೇಡವೇ ಬೇಡ. ಅದು ಸುಮ್ಮನೆ ಬರೆದು ಬರೆದು ಸವೆಸುತ್ತದೆ, ವೇಗ ಕಿಂಚಿತ್ತೂ ಹೆಚ್ಚುವುದಿಲ್ಲ.

ಲಕ್ಷಣ: ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕೇ ಕಾಣುತ್ತಿಲ್ಲ

ನಮ್ಮ ಸೀಮೆಯ ಮುಖ್ಯ ಕಾಯಿಲೆ ಇದೇ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯುತ್ತದೆ. ಕರೆಂಟ್ ಬಂದರೂ ಎರಡು ನಿಮಿಷಕ್ಕೆ ಮತ್ತೆ ಹೋಗುತ್ತದೆ.

ಎಸ್‌ಎಸ್‌ಡಿಯೊಳಗೆ ಯಾವ ಡೇಟಾ ಯಾವ ಬ್ಲಾಕಿನಲ್ಲಿದೆ ಎಂಬ ನಕ್ಷೆ ಸದಾ ಬದಲಾಗುತ್ತಿರುತ್ತದೆ. ಆ ನಕ್ಷೆಯನ್ನು ಬರೆಯುತ್ತಿರುವ ಹೊತ್ತಿಗೇ ಕರೆಂಟ್ ಹೋದರೆ ಮುಂದಿನ ಸಲ ಡಿಸ್ಕಿಗೆ ತನ್ನೊಳಗೆ ಏನು ಎಲ್ಲಿದೆ ಎಂದು ತಿಳಿಯದೆ ಹೋಗಬಹುದು. ದೊಡ್ಡ ಸರ್ವರುಗಳ ಡಿಸ್ಕಿನಲ್ಲಿ, ಕರೆಂಟ್ ಹೋದರೂ ಬರೆಯುತ್ತಿದ್ದುದನ್ನು ಮುಗಿಸಲು ಕೆಪಾಸಿಟರ್‌ಗಳು ಇರುತ್ತವೆ. ನಾವು ಕೊಳ್ಳುವ ಮಾಮೂಲಿ ಡಿಸ್ಕುಗಳಲ್ಲಿ ಸಾಧಾರಣವಾಗಿ ಅವು ಇರುವುದಿಲ್ಲ. ಚಿಪ್ ಹೊಸದರಂತೆಯೇ ಇದ್ದೂ ಡಿಸ್ಕ್ ಹೊರಟುಹೋಗುವುದು ಹೀಗೆ.

ಕಾಣದ ಡಿಸ್ಕಿಗೆ ಮೊದಲು ಮಾಡಬೇಕಾದ್ದು ಖರ್ಚಿಲ್ಲದ ಕೆಲಸ. ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಬಯೋಸ್ ಪರದೆಗೆ (ಆನ್ ಆಗುವಾಗ ವಿಂಡೋಸ್‌ಗೂ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪರದೆ) ಹೋಗಿ ನೋಡಿ. ಅಲ್ಲೂ ಡಿಸ್ಕಿನ ಹೆಸರಿಲ್ಲದಿದ್ದರೆ ಕೇಬಲ್ ಬಿಚ್ಚಿ ಮತ್ತೆ ಒತ್ತಿ ಕೂರಿಸಿ, ಬೇರೆ ಸಾಟಾ ಪೋರ್ಟಿಗೆ ಹಾಕಿ. ಹೊಸ ಸಾಟಾ ಕೇಬಲ್ ಅಗ್ಗದಲ್ಲಿ ಸಿಗುತ್ತದೆ, ಒಂದು ಹೆಚ್ಚಿಗೆ ಇಟ್ಟುಕೊಂಡರೆ ಒಳ್ಳೆಯದು.

ಆಗಲೂ ಬರದಿದ್ದರೆ ತಾಳ್ಮೆಯ ಉಪಾಯ ಒಂದಿದೆ. ಸಾಟಾ ಡಿಸ್ಕಿಗೆ ಪವರ್ ಕೇಬಲ್ ಮಾತ್ರ ಕೊಟ್ಟು, ಡೇಟಾ ಕೇಬಲ್ ಬಿಚ್ಚಿಟ್ಟು, ಕಂಪ್ಯೂಟರ್ ಆನ್ ಮಾಡಿ 20 ನಿಮಿಷ ಸುಮ್ಮನೆ ಬಿಡಿ. ಆಫ್ ಮಾಡಿ, ಡಿಸ್ಕಿನ ಪವರ್ ಕಿತ್ತು ಅರ್ಧ ನಿಮಿಷ ಬಿಟ್ಟು, ಇನ್ನೊಮ್ಮೆ ಹಾಗೇ ಮಾಡಿ. ಲ್ಯಾಪ್‌ಟಾಪ್ ಆದರೆ ಬಯೋಸ್ ಪರದೆಯಲ್ಲೇ ಅಷ್ಟು ಹೊತ್ತು ನಿಲ್ಲಿಸಿ. ಕೆಲವು ಡಿಸ್ಕುಗಳು ಈ ಬಿಡುವಿನಲ್ಲಿ ತಮ್ಮ ನಕ್ಷೆಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಇದು ಹಳ್ಳಿ ಮದ್ದಲ್ಲ, ಕ್ರೂಶಿಯಲ್‌ನವರು ತಾವೇ ಸೂಚಿಸಿರುವ ಕ್ರಮ. ಬದುಕಿ ಬಂತೋ, ಆ ಕ್ಷಣವೇ ಬ್ಯಾಕಪ್ ತೆಗೆಯಿರಿ. ಮುಂದಿನ ಸಲವೂ ಬರುತ್ತದೆ ಎಂದು ನಂಬಿ ಕೂರಬಾರದು.

ಬರಲಿಲ್ಲ, ಒಳಗಿರುವ ಡೇಟಾ ಬೇಕೇ ಬೇಕು ಎಂದಾದರೆ ಮನೆಯಲ್ಲಿ ಮಾಡಬಹುದಾದ ಕೆಲಸ ಇಲ್ಲಿಗೆ ಮುಗಿಯಿತು.

ಡಿಸ್ಕ್ ಬದುಕಿ ಉಳಿದವರು ಅನ್‌ಸೇಫ್ ಶಟ್‌ಡೌನ್ಸ್ ಎಂಬ ಸಾಲು ನೋಡಿ. ಸ್ಯಾಮ್‌ಸಂಗ್ ಸಾಟಾ ಡಿಸ್ಕಿನಲ್ಲಿ ಅದು 235ನೇ (EB) ಸಾಲು, ಕ್ರೂಶಿಯಲ್‌ನಲ್ಲಿ 174 (AE). ಒಟ್ಟು ಎಷ್ಟು ಸಲ ಆನ್ ಆಗಿದೆ ಎಂಬ ಪವರ್ ಸೈಕಲ್ ಅಂಕಿಯ ಪಕ್ಕ ಇದನ್ನಿಟ್ಟು ನೋಡಿ. 900 ಸಲ ಆನ್ ಆಗಿ 30 ಸಲ ದಿಢೀರ್ ಆಫ್ ಆಗಿದ್ದರೆ ಸಾಮಾನ್ಯ. 900ಕ್ಕೆ 400 ಇದ್ದರೆ ಡಿಸ್ಕ್ ಎಷ್ಟೇ ಹೊಸದಾಗಿರಲಿ, ಹೆಲ್ತ್ 98 ಇರಲಿ, ಅದು ಅಪಾಯದಲ್ಲಿದೆ. ಮಲೆನಾಡಿನ ಡೆಸ್ಕ್‌ಟಾಪ್‌ಗಳ ಮಟ್ಟಿಗೆ ನಾನು ಹೆಲ್ತ್‌ಗಿಂತ ಮೊದಲು ನೋಡುವ ಅಂಕಿಯೇ ಇದು.

ಪರಿಹಾರ ಡಿಸ್ಕಿನ ಹೊರಗಿದೆ. ಮನೆಯ ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೊ. ಯುಪಿಎಸ್ ಕಡೆ ಇದ್ದರೆ ಕರೆಂಟ್ ಹೋದಾಗ ಕಂಪ್ಯೂಟರಿಗೆ ತಿಳಿಯದಷ್ಟು ಬೇಗ ಬ್ಯಾಟರಿಗೆ ತಿರುಗುತ್ತದೆ, ವೋಲ್ಟೇಜ್ ಬಹಳ ಇಳಿದರೂ ತಿರುಗುತ್ತದೆ. ನಮ್ಮಲ್ಲಿ ಸಂಜೆ ಲೋ ವೋಲ್ಟೇಜ್ ಇರುವ ಕಡೆ ಬ್ಯಾಟರಿ ಬೇಗ ಖಾಲಿಯಾಗುತ್ತದೆಂದು ಎಲ್ಲರೂ ಅದನ್ನು ನಾರ್ಮಲ್‌ಗೆ ತಳ್ಳಿರುತ್ತಾರೆ. ಆಗ ಬಲ್ಬು ಮಿಣುಕಿ ಉಳಿಯುತ್ತದೆ, ಕಂಪ್ಯೂಟರ್ ಮಾತ್ರ ಪ್ರತಿ ಸಲ ಸತ್ತು ಹುಟ್ಟುತ್ತದೆ. ಸ್ವಿಚ್ಚನ್ನು ಯುಪಿಎಸ್‌ಗೆ ಹಾಕಿ, ಇಲ್ಲವೇ ಕಂಪ್ಯೂಟರಿಗೆ ಬೇರೆ ಸಣ್ಣ ಯುಪಿಎಸ್ ಇಡಿ. ಜೊತೆಗೆ ಅರ್ತಿಂಗ್ ಪರೀಕ್ಷೆ ಮಾಡಿಸಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದು ಉಂಟು. ಈ ಪರೀಕ್ಷೆ ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈ ಹಾಕಬೇಡಿ.

ಲಕ್ಷಣ: ಆಗಾಗ ನಿಂತುಹೋಗುತ್ತದೆ, ನೀಲಿ ಪರದೆ ಬರುತ್ತದೆ

ಅರ್ಧ ನಿಮಿಷ ಎಲ್ಲವೂ ಸ್ತಬ್ಧವಾಗಿ ಮತ್ತೆ ಓಡತೊಡಗುವುದು, ಕೆಲಸದ ನಡುವೆ ರೀಸ್ಟಾರ್ಟ್ ಆಗುವುದು. ಇಲ್ಲಿ ತಪ್ಪು ಚಿಪ್ಪಿನದೋ ದಾರಿಯದೋ ಎಂಬುದನ್ನು ಬೇರ್ಪಡಿಸಬೇಕು.

ಸಾಟಾ ಡಿಸ್ಕಿನಲ್ಲಿ 199ನೇ (C7) ಸಾಲು, ಸಿಆರ್‌ಸಿ ಎರರ್. ಇದು ಏರುತ್ತಿದ್ದರೆ ಡೇಟಾ ಕೇಬಲ್ಲಿನಲ್ಲಿ ಹಾಳಾಗುತ್ತಿದೆ ಎಂದು, ಡಿಸ್ಕಿನದೇನೂ ತಪ್ಪಿಲ್ಲ. ಈ ಅಂಕಿ ಎಂದೂ ಇಳಿಯುವುದಿಲ್ಲ, ಹಾಗಾಗಿ ಕೇಬಲ್ ಬದಲಿಸಿ ವಾರ ಕಳೆದ ಮೇಲೆ ಅಷ್ಟರಲ್ಲೇ ನಿಂತಿದೆಯೇ ನೋಡಿ. 187ನೇ (BB) ಸಾಲು ಅಥವಾ ಎನ್‌ವಿಎಂಇಯಲ್ಲಿ ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಏರುತ್ತಿದ್ದರೆ ಮಾತು ಬೇರೆ, ಚಿಪ್ಪಿನಲ್ಲಿರುವುದನ್ನೇ ಓದಲಾಗುತ್ತಿಲ್ಲ. ಬದಲಿಸುವುದೊಂದೇ ದಾರಿ. ಎರರ್ ಇನ್ಫರ್ಮೇಶನ್ ಲಾಗ್ ಎಂಟ್ರೀಸ್ ಎಂಬ ಇನ್ನೊಂದು ಅಂಕಿ ಕೆಲವರಿಗೆ ಸಾವಿರಗಟ್ಟಲೆ ಇರುತ್ತದೆ. ಡಿಸ್ಕಿಗೆ ಅರ್ಥವಾಗದ ಆದೇಶ ಬಂದರೂ ಅದು ಏರುವುದರಿಂದ ಅದೊಂದನ್ನೇ ನೋಡಿ ಹೆದರಬೇಕಿಲ್ಲ.

ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದರೂ ಸುಳಿವು ಸಿಗುತ್ತದೆ. ಈವೆಂಟ್ ಐಡಿ 129 ಮತ್ತು 153 ಇದ್ದರೆ ಅವು ಡಿಸ್ಕ್ ಸಮಯಕ್ಕೆ ಉತ್ತರ ಕೊಡಲಿಲ್ಲ ಎನ್ನುತ್ತವೆ, ಕೇಬಲ್, ಕನೆಕ್ಟರ್, ಪವರ್ ಕಡೆ ಮೊದಲು ನೋಡಿ. 7 ಎಂದರೆ ಕೆಟ್ಟ ಬ್ಲಾಕ್.

ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಆಗುಂಬೆ ಸುತ್ತಿನ ಮನೆಗಳಲ್ಲಿ ಗೋಡೆ ಬೆವರುವ ತಿಂಗಳುಗಳಲ್ಲಿ ಕಿಟಕಿ ಪಕ್ಕ ಇಟ್ಟ ಕಂಪ್ಯೂಟರಿನ ಸಾಟಾ ಕನೆಕ್ಟರಿನ ಚಿನ್ನದ ಬಣ್ಣದ ಪಟ್ಟಿಗಳ ಬುಡದಲ್ಲಿ ಮಂಕಾದ ಹಸಿರು ಪುಡಿ ಕೂತಿರುತ್ತದೆ. ತಂತಿ ಒಳಗೆ ಹೋಗುವ ಮೂಲೆಯಲ್ಲಿ ಒಂದಿಷ್ಟು ಬೂಷ್ಟೂ ಇರಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ನಯವಾದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿ. ಮರಳುಕಾಗದ, ಬ್ಲೇಡು ಬೇಡ, ಲೇಪವೇ ಎದ್ದುಹೋಗುತ್ತದೆ. ಸೋರಿದ ನೀರು ಒಳಗೇ ಬಿದ್ದಿದ್ದರೆ ಆನ್ ಮಾಡಿ ನೋಡುವ ಆತುರ ಬೇಡ. ಒಣಗಿಸಲೆಂದು ಬಚ್ಚಲ ಒಲೆಯ ಹತ್ತಿರವೋ ಹೊಗೆ ಅಟ್ಟದಲ್ಲೋ ಇಡುವುದೂ ಬೇಡ.

ಲಕ್ಷಣ: ಅಳಿಸಿದ ಫೈಲು ರೀಸ್ಟಾರ್ಟ್ ಮಾಡಿದರೆ ಮತ್ತೆ ಬರುತ್ತದೆ

ಸೇವ್ ಮಾಡಿದ ಲೆಕ್ಕ ಮಾಯ, ಅಳಿಸಿದ್ದು ಪ್ರತ್ಯಕ್ಷ, ಅಥವಾ ರೈಟ್ ಪ್ರೊಟೆಕ್ಟೆಡ್ ಎಂಬ ಸಂದೇಶ. ಮಾಟವೂ ಅಲ್ಲ, ವೈರಸ್ಸೂ ಅಲ್ಲ. ಇನ್ನು ಬರೆಯಲಾಗದು ಎಂದು ಡಿಸ್ಕ್ ಓದುವ ಸ್ಥಿತಿಗೆ ಮಾತ್ರ ಬಂದು ನಿಂತಿದೆ. ಎನ್‌ವಿಎಂಇ ಡಿಸ್ಕಿನ ಕ್ರಿಟಿಕಲ್ ವಾರ್ನಿಂಗ್ ಸಾಲಿನಲ್ಲಿ 8 ಇದ್ದರೆ ಇದೇ. ಅಲ್ಲಿ 1 ಇದ್ದರೆ ಮೀಸಲು ಮುಗಿಯುತ್ತಿದೆ, 2 ಇದ್ದರೆ ಉಷ್ಣತೆ ಮಿತಿ ಮೀರಿದೆ, 4 ಇದ್ದರೆ ಡಿಸ್ಕಿನ ಮೇಲೆ ಭರವಸೆ ಇಡುವಂತಿಲ್ಲ. ಎರಡು ಸೇರಿದ್ದರೆ ಕೂಡಿದ ಅಂಕಿ ಬರುತ್ತದೆ.

ನಿಜವಾದ ಸವೆತದ ಕೊನೆ ಕಾಣುವುದು ಇಲ್ಲಿ. ಕಂಪ್ಯೂಟರ್ ಆನ್ ಇದ್ದರೆ ಆಫ್ ಮಾಡಬೇಡಿ, ಈಗಲೇ ಕಾಪಿ ತೆಗೆಯಿರಿ. ಮೇಲೆ ಹೇಳಿದ ಪರೀಕ್ಷೆಯಲ್ಲಿದ್ದ ಇಂಟೆಲ್ ಡಿಸ್ಕ್ 700 ಟಿಬಿ ದಾಟಿದ ಮೇಲೆ ಓದಲು ಮಾತ್ರ ಬಿಟ್ಟು, ಒಮ್ಮೆ ಆಫ್ ಆಗಿದ್ದೇ ತಡ ಮತ್ತೆ ಏಳಲಿಲ್ಲ. ಹೀಗಾದಾಗ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ತಪಾಸಣೆ ತಂತ್ರಾಂಶ) ಓಡಿಸಬೇಡಿ, ಫಾರ್ಮ್ಯಾಟ್ ಮಾಡಿ ನೋಡೋಣ ಎನ್ನುವವರ ಕೈಗೂ ಕೊಡಬೇಡಿ.

ಲಕ್ಷಣ: ಹೆಲ್ತ್ ತಿಂಗಳು ತಿಂಗಳಿಗೆ ಇಳಿಯುತ್ತಿದೆ

ಯಾರೋ ಬರೆಯುತ್ತಿದ್ದಾರೆ. ಟಾಸ್ಕ್ ಮ್ಯಾನೇಜರಿನಿಂದ ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ವಿಭಾಗದಲ್ಲಿ ಯಾವ ತಂತ್ರಾಂಶ ಹೆಚ್ಚು ಬರೆಯುತ್ತಿದೆ ನೋಡಿ. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ ರ್‍ಯಾಮ್ ಮಾತ್ರ 4 ಜಿಬಿಯಲ್ಲೇ ಬಿಟ್ಟವರಲ್ಲಿ ಜಾಗ ಸಾಲದೆ ವಿಂಡೋಸ್ ಡಿಸ್ಕನ್ನೇ ರ್‍ಯಾಮ್ ತರಹ ಬಳಸುತ್ತಿರುತ್ತದೆ. 8 ಜಿಬಿ ಮಾಡಿಸಿದರೆ ವೇಗವೂ ಬರುತ್ತದೆ, ಡಿಸ್ಕೂ ಉಳಿಯುತ್ತದೆ.

ಬರವಣಿಗೆ ಹೆಚ್ಚಿಲ್ಲದೆ ಹೆಲ್ತ್ ಇಳಿದರೆ ಫರ್ಮ್‌ವೇರ್ ನೋಡಿ. 2023ರ ಆರಂಭದಲ್ಲಿ ಸ್ಯಾಮ್‌ಸಂಗ್ 990 ಪ್ರೊ ಡಿಸ್ಕುಗಳ ಹೆಲ್ತ್ ಹೀಗೆಯೇ ಬೇಗ ಬೇಗ ಇಳಿಯಿತು, ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ಇಳಿಕೆ ನಿಂತಿತೇ ಹೊರತು ಆಗಲೇ ಹೋದ ಅಂಕಿ ವಾಪಸ್ ಬರಲಿಲ್ಲ. ಅದಕ್ಕಿಂತ ಹಿಂದೆ ಕ್ರೂಶಿಯಲ್ ಎಂ4 ಡಿಸ್ಕುಗಳು 5,184 ಗಂಟೆ ಓಡಿದ ಮೇಲೆ ಸ್ಥಗಿತವಾಗತೊಡಗಿದ್ದೂ ಫರ್ಮ್‌ವೇರ್‌ನಿಂದಲೇ. ತಯಾರಕರ ತಂತ್ರಾಂಶದಿಂದಲೇ ಅಪ್‌ಡೇಟ್ ಮಾಡಿ. ಬ್ಯಾಕಪ್ ತೆಗೆದು, ಯುಪಿಎಸ್ ಇದ್ದು, ಮಳೆ ಗಾಳಿ ಇಲ್ಲದ ಹೊತ್ತಿನಲ್ಲಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಡಿಸ್ಕ್ ಹೋದಂತೆಯೇ.

ಲಕ್ಷಣ: ಬೀರುವಿನಲ್ಲಿಟ್ಟ ಡಿಸ್ಕಿನಿಂದ ಹಳೆಯ ಫೋಟೊ ತೆರೆಯುತ್ತಿಲ್ಲ

ಕರೆಂಟಿಲ್ಲದೆ ಸುಮ್ಮನೆ ಇಟ್ಟ ಎಸ್‌ಎಸ್‌ಡಿ ನಿಧಾನವಾಗಿ ಮರೆಯುತ್ತದೆ. ಮನೆಬಳಕೆಯ ಡಿಸ್ಕ್ ತನ್ನ ಪೂರ್ತಿ ಬಾಳಿಕೆ ಸವೆಸಿದ ಮೇಲೂ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು ಎಂಬುದು ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ನಿಯಮ. ಹೊಸತು ಅದಕ್ಕಿಂತ ಬಹಳ ಹೆಚ್ಚು ಹಿಡಿದಿಡುತ್ತದೆ, ಬಿಸಿ ಹೆಚ್ಚಿದಷ್ಟೂ ಅವಧಿ ಕುಗ್ಗುತ್ತದೆ. ಬೆಂಗಳೂರಿಗೆ ಹೋದ ಮಕ್ಕಳು ಊರಲ್ಲಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲೇ ಮನೆಯ ಹತ್ತು ವರ್ಷದ ಫೋಟೊ ಇದ್ದರೆ, ಆರು ತಿಂಗಳಿಗೊಮ್ಮೆ ಆನ್ ಮಾಡಿ ಕೆಲವು ಗಂಟೆ ಬಿಡಿ. ಶಾಶ್ವತವಾಗಿ ಇಡಬೇಕಾದ್ದಕ್ಕೆ ಹಾರ್ಡ್ ಡಿಸ್ಕ್ ಮೇಲು, ಅದೂ ಎರಡು ಪ್ರತಿ, ಎರಡು ಮನೆಯಲ್ಲಿ.

ಯಾವಾಗ ನಿಲ್ಲಿಸಬೇಕು, ಯಾರ ಬಳಿ ಹೋಗಬೇಕು

ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಬಯೋಸಿನಲ್ಲಿ ಹೆಸರು ಬದಲಾಗಿ ಅರ್ಥವಿಲ್ಲದ ಅಕ್ಷರ ಕಂಡರೆ, 500 ಜಿಬಿ ಇದ್ದದ್ದು ಕೆಲವೇ ಎಂಬಿ ಎಂದು ತೋರಿಸಿದರೆ ಪ್ರಯೋಗ ನಿಲ್ಲಿಸಿ. ಡೇಟಾ ಬೇಡವಾದರೆ ಹೊಸ ಡಿಸ್ಕ್ ಹಾಕಿಸಿ ಮುಗಿಸಿ. ಬೇಕಾದರೆ ಮಾಮೂಲಿ ಅಂಗಡಿಯ ಕೆಲಸ ಅದಲ್ಲ, ಡೇಟಾ ರಿಕವರಿಯನ್ನೇ ಮಾಡುವ ಲ್ಯಾಬಿಗೆ ಹೋಗಬೇಕು. ಖರ್ಚಿನ ಅಂದಾಜನ್ನು ಮೊದಲೇ ಬರಹದಲ್ಲಿ ಕೇಳಿ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕೆಂದೂ ಕೇಳಿ. ಟ್ರಿಮ್ ಆದ ಮೇಲೆ ಅಳಿಸಿದ ಫೈಲನ್ನು ಲ್ಯಾಬಿನವರೂ ತರಲಾರರು, ಅದಕ್ಕಾಗಿ ಹಣ ಸುರಿಯಬೇಡಿ.

ವಾರಂಟಿ ಇರುವುದು ವರ್ಷ ಅಥವಾ ಟಿಬಿಡಬ್ಲ್ಯು ಯಾವುದು ಮೊದಲು ಮುಗಿಯುತ್ತದೋ ಅಲ್ಲಿಯವರೆಗೆ. ಆದರೆ ವಾರಂಟಿಗೆ ಕೊಟ್ಟ ಡಿಸ್ಕ್ ವಾಪಸ್ ಬರುವುದಿಲ್ಲ, ಬದಲಿಗೆ ಬೇರೆಯದು ಬರುತ್ತದೆ. ಸತ್ತ ಡಿಸ್ಕನ್ನು ಅಳಿಸಲೂ ಆಗದು. ಅದರಲ್ಲಿ ಸಂಘದ ಸದಸ್ಯರ ಆಧಾರ್ ಪ್ರತಿ, ಬ್ಯಾಂಕ್ ವಿವರ ಇದ್ದರೆ ಹೊಸ ಡಿಸ್ಕಿನ ದುಡ್ಡಿಗಿಂತ ಅದು ದೊಡ್ಡದೋ ಎಂದು ಯೋಚಿಸಿ ಆಮೇಲೆ ಕಳಿಸಿ. ಇನ್ನೂ ಓಡುತ್ತಿರುವ ಡಿಸ್ಕನ್ನು ಕೊಡುವುದಾದರೆ ತಯಾರಕರ ತಂತ್ರಾಂಶದ ಸೆಕ್ಯೂರ್ ಇರೇಸ್ ಬಳಸಿ. ಬರೀ ಫಾರ್ಮ್ಯಾಟ್ ಸಾಲದು.